ಸ್ಮಿತ್‌ಗಳು ಇಷ್ಟೊಂದು ಜನ ಯಾಕಿದ್ದಾರೆ?

ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಹುಟ್ಟು, ಸಾವು, ಮದುವೆಗಳನ್ನು ಸರ್ಕಾರವೇ ಬರೆದಿಡಲು ಶುರು ಮಾಡಿದ್ದು 1837ರ ಜುಲೈನಲ್ಲಿ. ಹದಿನೈದು ವರ್ಷ ಕಳೆಯುವಷ್ಟರಲ್ಲಿ ಇಂಡೆಕ್ಸ್ ಪುಸ್ತಕಗಳು ರಾಶಿ ಬಿದ್ದವು. ಆಗ ರಿಜಿಸ್ಟ್ರಾರ್ ಜನರಲ್, ಅಂದರೆ ಈ ದಾಖಲೆಗಳ ಮುಖ್ಯಾಧಿಕಾರಿ ಆಗಿದ್ದ ಜಾರ್ಜ್ ಗ್ರಹಾಂ ಅವರ ಕಚೇರಿಯಲ್ಲಿ ಇದೇ ಪುಸ್ತಕಗಳನ್ನು ಇಟ್ಟುಕೊಂಡು ಒಂದು ಲೆಕ್ಕ ಹಾಕಿದರು. ಯಾವ ಸರ್‌ನೇಮ್ ಎಷ್ಟು ಸಲ ಬರುತ್ತದೆ ಅಂತ ಎಣಿಸಿ, ಅದನ್ನು ದೇಶದ ಒಟ್ಟು ಜನಸಂಖ್ಯೆಗೆ ಹೊಂದಿಸಿದರು. 1853ರ ವರದಿಯಲ್ಲಿ ಬಂದ ಪಟ್ಟಿಯ ತಲೆಯಲ್ಲಿ ಇದ್ದದ್ದು ಸ್ಮಿತ್: 2,53,600 ಜನ. ಎರಡನೇದು ಜೋನ್ಸ್, 2,42,100. ಆಮೇಲೆ ವಿಲಿಯಮ್ಸ್, ಟೇಲರ್, ಡೇವಿಸ್, ಬ್ರೌನ್. ದಾರಿಯಲ್ಲಿ ಸಿಕ್ಕ 73 ಜನರಲ್ಲಿ ಒಬ್ಬರು ಸ್ಮಿತ್ ಆಗಿರುತ್ತಾರೆ ಅಂತ ಆ ವರದಿಯ ಲೆಕ್ಕ.

ಅದೇ ವರದಿಯಲ್ಲಿ ಇನ್ನೊಂದು ಅಂಕಿ ಇದೆ. ಜಾಸ್ತಿ ಬಳಕೆಯಲ್ಲಿರುವ 50 ಸರ್‌ನೇಮ್‌ಗಳನ್ನು ಒಟ್ಟು ಸೇರಿಸಿದರೂ ನೂರಕ್ಕೆ 18 ಜನ ಅಷ್ಟೇ ಆಗುತ್ತಾರೆ. ದೇಶದಲ್ಲಿ ಒಟ್ಟು 35ರಿಂದ 40 ಸಾವಿರ ಸರ್‌ನೇಮ್‌ಗಳು ಇರಬಹುದು ಅಂತ ಅಂದಾಜು ಮಾಡಿದ್ದರು. ಅಂದರೆ ಪಟ್ಟಿಯ ತಲೆಯಲ್ಲಿ ಕೆಲವೇ ದೊಡ್ಡ ಹೆಸರುಗಳು, ಅವುಗಳ ಕೆಳಗೆ ಸಾವಿರಾರು ಪುಟ್ಟ ಹೆಸರುಗಳ ಉದ್ದನೆಯ ಬಾಲ.

ಎರಡೂವರೆ ಲಕ್ಷ ಸ್ಮಿತ್‌ಗಳು ಅಂದ ಕೂಡಲೇ ಯಾರೋ ಒಬ್ಬ ಮೂಲಪುರುಷ, ಅವನಿಂದ ಬೆಳೆದ ದೊಡ್ಡ ವಂಶ ಅಂತ ಅನ್ನಿಸಬಹುದು. ಇದನ್ನೇ ನಂಬಿಸಿ ದುಡ್ಡು ಮಾಡುವವರೂ ಇದ್ದಾರೆ. 'ಸ್ಮಿತ್ ಕುಟುಂಬದ ಲಾಂಛನ' ಅಂತ ಮಗ್ಗು, ಗೋಡೆಫಲಕ ಮಾರುತ್ತಾರೆ. ಇಂಗ್ಲೆಂಡಿನಲ್ಲಿ ಲಾಂಛನಗಳನ್ನು ಕೊಡುವ ಅಧಿಕಾರ ಇರುವುದು ಲಂಡನ್ನಿನ ಕಾಲೇಜ್ ಆಫ್ ಆರ್ಮ್ಸ್‌ಗೆ. ಲಾಂಛನ ಒಬ್ಬ ವ್ಯಕ್ತಿಗೆ ಮತ್ತು ಅವನ ನೇರ ಸಂತತಿಗೆ ಸೇರಿದ್ದು, ಸರ್‌ನೇಮ್‌ಗೆ ಲಾಂಛನ ಅಂತ ಒಂದಿಲ್ಲ ಅಂತ ಅವರು ಹೇಳುತ್ತಲೇ ಇದ್ದಾರೆ. ಮಗ್ಗು ಮಾರಾಟ ಮಾತ್ರ ನಿಂತಿಲ್ಲ.

ಸರ್‌ನೇಮ್ ಅಂಕಿಅಂಶ ಕೈಗೆ ಸಿಕ್ಕಾಗ ಮೊದಲು ಕೇಳಬೇಕಾದದ್ದು 'ಎಷ್ಟು ಜನ' ಅಂತ ಅಲ್ಲ, 'ಈ ಹೆಸರು ಎಷ್ಟು ಸಲ ಹುಟ್ಟಿತು' ಅಂತ. ಸ್ಮಿತ್ ಹುಟ್ಟಿದ್ದು ಒಂದು ಸಲ ಅಲ್ಲ, ಸಾವಿರಾರು ಸಲ, ಸಾವಿರಾರು ಹಳ್ಳಿಗಳಲ್ಲಿ.

ಸ್ಮಿತ್ ಅಂದರೆ ಲೋಹದ ಕೆಲಸದವನು, ಮುಖ್ಯವಾಗಿ ಕಮ್ಮಾರ. ಇಷ್ಟು ತುಂಬಾ ಜನಕ್ಕೆ ಗೊತ್ತು. ಆದರೆ ಇಲ್ಲೊಂದು ಗಂಟಿದೆ. ಮಧ್ಯಯುಗದ ಇಂಗ್ಲೆಂಡಿನಲ್ಲಿ ಹತ್ತರಲ್ಲಿ ಎಂಟೊಂಬತ್ತು ಜನ ಹೊಲದಲ್ಲಿ ದುಡಿಯುವವರು. ಕಮ್ಮಾರರು ಬೆರಳೆಣಿಕೆ. ಹಾಗಿದ್ದರೆ 'ಉಳುವವನು' ಅನ್ನೋ ಅರ್ಥದ ಹೆಸರು ಪಟ್ಟಿಯ ತಲೆಯಲ್ಲಿ ಇರಬೇಕಿತ್ತು ಅಲ್ವಾ? ಫಾರ್ಮರ್ ಅನ್ನೋ ಸರ್‌ನೇಮ್ ಇದೆ, ಆದರೆ ಅದು ಅಷ್ಟು ದೊಡ್ಡದಲ್ಲ. ಅದೂ ಶುರುವಿನಲ್ಲಿ ರೈತನ ಹೆಸರೇ ಅಲ್ಲ, ಗುತ್ತಿಗೆ ಹಿಡಿದು ಕಂದಾಯ ವಸೂಲಿ ಮಾಡುವವನ ಹೆಸರು.

ಗಂಟು ಬಿಚ್ಚುವುದು ಸುಲಭ. ಅಡ್ಡಹೆಸರು ಇಡುವುದು ಒಬ್ಬನನ್ನು ಇನ್ನೊಬ್ಬನಿಂದ ಬೇರೆ ಮಾಡಿ ಗುರುತಿಸಲು. ಊರಿಗೆ ಊರೇ ಉಳುವಾಗ 'ಉಳುವ ಜಾನ್' ಅಂದರೆ ಯಾರು ಅಂತ ಗೊತ್ತಾಗುತ್ತದೆ? ಕುಲುಮೆ ಮಾತ್ರ ಊರಿಗೆ ಒಂದು. ನೇಗಿಲ ಗುಳ, ಕುದುರೆ ಲಾಳ, ಕುಡುಗೋಲು, ಬಾಗಿಲ ಚಿಲಕ, ಮೊಳೆ, ಎಲ್ಲಕ್ಕೂ ಅಲ್ಲಿಗೇ ಹೋಗಬೇಕು. ಹಾಗಾಗಿ 'ಕಮ್ಮಾರ ಜಾನ್' ಅಂದರೆ ಮಗುವಿಗೂ ಗೊತ್ತು. ನಮ್ಮ ಹಳ್ಳಿಗಳಲ್ಲೂ ಇದೇ ಕಥೆ. ಹೊಲ ಇರುವ ರಾಮಣ್ಣ ಹತ್ತು ಜನ ಇದ್ದರೂ ಯಾರನ್ನೂ 'ಹೊಲದ ರಾಮಣ್ಣ' ಅನ್ನುವುದಿಲ್ಲ, 'ಅಂಗಡಿ ರಾಮಣ್ಣ' ಮಾತ್ರ ಇದ್ದೇ ಇರುತ್ತಾನೆ. ಇಂಗ್ಲೆಂಡಿನಲ್ಲಿ ಟೇಲರ್, ರೈಟ್, ಕುಕ್, ಬೇಕರ್, ಕ್ಲಾರ್ಕ್ ಎಲ್ಲ ಬೆಳೆದದ್ದು ಹೀಗೇ. ಎಲ್ಲ ಊರಲ್ಲೂ ಇರಬೇಕು, ಆದರೆ ಊರಿಗೆ ಒಬ್ಬಿಬ್ಬರೇ ಇರಬೇಕು. ಈ ಎರಡು ಷರತ್ತು ಸ್ಮಿತ್‌ನಷ್ಟು ಚೆನ್ನಾಗಿ ಪೂರೈಸಿದ ಕಸುಬು ಇನ್ನೊಂದಿಲ್ಲ.

ಅಡ್ಡಹೆಸರು ವಂಶದ ಹೆಸರಾಗಿ ಅಂಟಿಕೊಂಡಿದ್ದು ಯಾವಾಗ? 1066ರಲ್ಲಿ ಫ್ರಾನ್ಸ್ ಕಡೆಯಿಂದ ಬಂದ ನಾರ್ಮನ್ನರು ಇಂಗ್ಲೆಂಡನ್ನು ಗೆದ್ದರು. ಅವರ ಜೊತೆ ಬಂದ ದೊಡ್ಡ ಜಮೀನ್ದಾರರು ತಮ್ಮ ಎಸ್ಟೇಟಿನ ಹೆಸರನ್ನು ಮಕ್ಕಳಿಗೂ ಮುಂದುವರಿಸುವ ರೂಢಿ ತಂದರು. ಅದು ಸಾಮಾನ್ಯ ಜನರವರೆಗೆ ಇಳಿಯಲು ಇನ್ನೂ ಎರಡು ಮೂರು ಶತಮಾನ ಹಿಡಿಯಿತು. ದಕ್ಷಿಣದಲ್ಲಿ ಬೇಗ, ಉತ್ತರದಲ್ಲಿ ತಡವಾಗಿ. ಆ ಹೊತ್ತಿಗೆ ಮಕ್ಕಳಿಗೆ ಇಡುವ ಹೆಸರುಗಳು ತೀರಾ ಕಡಿಮೆಯಾಗಿದ್ದವು. ಜಾನ್, ವಿಲಿಯಂ, ರಾಬರ್ಟ್, ರಿಚರ್ಡ್, ಥಾಮಸ್ ಇವಿಷ್ಟರಲ್ಲೇ ಬಹುಪಾಲು ಗಂಡಸರು ಮುಗಿದುಹೋಗುತ್ತಿದ್ದರು. ಜಮೀನು ಅಪ್ಪನಿಂದ ಮಗನಿಗೆ ಹೋಗುವಾಗ ಯಾವ ಜಾನ್ ಅಂತ ಬರೆಯಲೇಬೇಕು. ತೆರಿಗೆಯವರಿಗಂತೂ ಬೇಕೇ ಬೇಕು.

1377, 1379 ಮತ್ತು 1381ರಲ್ಲಿ ಇಂಗ್ಲೆಂಡಿನಲ್ಲಿ ತಲೆಗಂದಾಯ ಹಾಕಿದರು. ಊರೂರಿನ ವಯಸ್ಕರ ಹೆಸರು ಪಟ್ಟಿಗೆ ಬಂತು. 1381ರ ಕಂದಾಯ ದಂಗೆಗೆ ಕಾರಣವಾಯಿತು. ಅದರ ನಾಯಕ ವಾಟ್ ಟೈಲರ್‌ನ ಹೆಸರು ಕೂಡ ಕಸುಬಿನದೇ, ಹೆಂಚಿನ ಕೆಲಸದ್ದು. ಇತಿಹಾಸಕಾರರಿಗೆ ಜಾಸ್ತಿ ಉಪಯೋಗ ಆಗಿರುವುದು 1379ರ ಪಟ್ಟಿ, ಅದರಲ್ಲೂ ಯಾರ್ಕ್‌ಷೈರ್‌ನ ಪಶ್ಚಿಮ ಭಾಗದ್ದು. ಯಾಕೆಂದರೆ ಆ ವರ್ಷ ಎಲ್ಲರಿಗೂ ಒಂದೇ ದರ ಇರಲಿಲ್ಲ. ಕೂಲಿಯವನು 4 ಪೆನ್ನಿ ಕೊಟ್ಟರೆ ಕಸುಬುದಾರ ಅದಕ್ಕಿಂತ ಜಾಸ್ತಿ ಕೊಡಬೇಕು. ಹಾಗಾಗಿ ಹೆಸರಿನ ಪಕ್ಕದಲ್ಲಿ ಕಸುಬನ್ನೂ ಬರೆದರು. ಗುಮಾಸ್ತರು ಬರೆಯುತ್ತಿದ್ದದ್ದು ಲ್ಯಾಟಿನ್‌ನಲ್ಲಿ. ಜಾನ್ 'ಯೋಹಾನ್ನೆಸ್' ಆಗುತ್ತಾನೆ, ಕಮ್ಮಾರ 'ಫಾಬರ್' ಆಗುತ್ತಾನೆ. ಹೆಸರು ಸ್ಮಿತ್, ಕಸುಬೂ ಫಾಬರ್ ಅಂತಿದ್ದರೆ ಅವನ ಹೆಸರು ಅವನ ಕೆಲಸದಿಂದಲೇ ಬಂದಿರಬಹುದು. ಹೆಸರು ಸ್ಮಿತ್, ಕಸುಬು ಮಾತ್ರ ನೇಕಾರಿಕೆ ಅಂತಿದ್ದರೆ? ಕಸುಬು ಕೈಬಿಟ್ಟರೂ ಹೆಸರು ಬಿಟ್ಟಿಲ್ಲ. ಅಲ್ಲಿಗೆ ಅಡ್ಡಹೆಸರು ಸರ್‌ನೇಮ್ ಆಯಿತು.

ಇಲ್ಲಿಂದ ಮುಂದೆ ಸ್ಮಿತ್‌ಗೆ ಹೊರಗಿನಿಂದಲೂ ಜನ ಬಂದು ಸೇರಿದರು. ನನಗೆ ಈ ಭಾಗವೇ ಜಾಸ್ತಿ ಇಷ್ಟ.

1465ರಲ್ಲಿ ಐರ್ಲೆಂಡಿನ ಡಬ್ಲಿನ್ ಸುತ್ತಮುತ್ತ ಇಂಗ್ಲಿಷರ ಹಿಡಿತದಲ್ಲಿದ್ದ ಪ್ರದೇಶಕ್ಕೆ ಒಂದು ಕಾನೂನು ಬಂತು. ಅಲ್ಲಿರುವ ಐರಿಷ್ ಜನ ಇಂಗ್ಲಿಷರಂತೆ ಬಟ್ಟೆ ಹಾಕಬೇಕು, ಇಂಗ್ಲಿಷ್ ಸರ್‌ನೇಮ್ ಇಟ್ಟುಕೊಳ್ಳಬೇಕು ಅಂತ. ಎಂಥ ಹೆಸರು ಅನ್ನುವುದನ್ನೂ ಕಾನೂನೇ ಹೇಳಿಕೊಟ್ಟಿತು. ಸಟನ್, ಚೆಸ್ಟರ್, ಟ್ರಿಮ್ ತರಹದ ಊರಿನ ಹೆಸರು ಆಗಬಹುದು. ವೈಟ್, ಬ್ಲ್ಯಾಕ್, ಬ್ರೌನ್ ತರಹದ ಬಣ್ಣ ಆಗಬಹುದು. ಕುಕ್, ಬಟ್ಲರ್ ತರಹದ ಹುದ್ದೆ ಆಗಬಹುದು. ಕಸುಬಿನ ಹೆಸರಿಗೆ ಅದು ಕೊಟ್ಟ ಉದಾಹರಣೆ ಎರಡೇ: ಸ್ಮಿತ್ ಮತ್ತು ಕಾರ್ಪೆಂಟರ್. ಆ ಒಂದು ಕಾನೂನಿನಿಂದಲೇ ಎಲ್ಲ ಆಯಿತು ಅಂತಲ್ಲ. ಮುಂದಿನ ಶತಮಾನಗಳಲ್ಲೂ ಮ್ಯಾಕ್ ಗವನ್ ತರಹದ, 'ಕಮ್ಮಾರನ ಮಗ' ಅನ್ನೋ ಅರ್ಥದ ಐರಿಷ್ ಮನೆತನಗಳು ಸ್ಮಿತ್ ಆಗುತ್ತಾ ಹೋದವು. ಕ್ಯಾವನ್ ಜಿಲ್ಲೆಯಲ್ಲಿ ಇದು ವಿಶೇಷವಾಗಿ ಜಾಸ್ತಿ. 1890ರ ಜನನ ದಾಖಲೆಗಳ ಮೇಲೆ ಐರ್ಲೆಂಡಿಗೂ ಇಂಥದ್ದೇ ಲೆಕ್ಕ ಹಾಕಿದಾಗ ಮರ್ಫಿ, ಕೆಲ್ಲಿ, ಸಲಿವನ್, ವಾಲ್ಷ್ ಆದ ಮೇಲೆ ಐದನೇ ಜಾಗದಲ್ಲಿ ಕೂತಿದ್ದು ಸ್ಮಿತ್: 33,700 ಜನ. ಅವರಲ್ಲಿ ಎಷ್ಟೋ ಜನರ ಪೂರ್ವಜರು ಇಂಗ್ಲೆಂಡನ್ನು ಕಂಡೇ ಇರಲಿಲ್ಲ.

ಬ್ರಿಟನ್ನಿನ ರೊಮಾನಿ ಅಲೆಮಾರಿಗಳಲ್ಲೂ ಸ್ಮಿತ್ ದೊಡ್ಡ ಹೆಸರು. ಅವರ ಒಳಗಿನ ಹೆಸರು ಪೆಟುಲೆಂಗ್ರೊ, ಅಂದರೆ ಲಾಳ ಮಾಡುವವರು. ಹೊರಗಿನವರ ಹತ್ತಿರ ಹೇಳಲು ಸ್ಮಿತ್. ಸ್ಕಾಟ್ಲೆಂಡಿನಲ್ಲಂತೂ ಸ್ಮಿತ್ ಅಲ್ಲಿನದೇ ಹೆಸರು, ಅಲ್ಲೂ ಮೊದಲ ಸ್ಥಾನ ಅದಕ್ಕೇ.

ಅಮೆರಿಕದ ಕಥೆ ಇನ್ನೂ ದೊಡ್ಡದು. 2010ರ ಅಲ್ಲಿನ ಜನಗಣತಿಯಲ್ಲಿ ಸ್ಮಿತ್‌ಗಳು 24,42,977. ಲಕ್ಷಕ್ಕೆ 828 ಜನ. ಇವರಲ್ಲಿ ನೂರಕ್ಕೆ 71 ಜನ ತಮ್ಮನ್ನು ಬಿಳಿಯರು ಅಂತ, 23 ಜನ ಕರಿಯರು ಅಂತ ಬರೆಸಿದ್ದರು. ಗುಲಾಮಗಿರಿಯಿಂದ ಬಿಡುಗಡೆಯಾದ ಲಕ್ಷಾಂತರ ಜನ ಸರ್ಕಾರಿ ಕಾಗದದಲ್ಲಿ ಮೊದಲ ಸಲ ಸರ್‌ನೇಮ್ ಬರೆಸಿದರು. ಕೆಲವರದು ಒಡೆಯನ ಹೆಸರು, ಕೆಲವರದು ತಾವೇ ಆರಿಸಿಕೊಂಡದ್ದು. ಇನ್ನೊಂದು ಕಡೆ ಜರ್ಮನಿಯಿಂದ ಬಂದ ಶ್ಮಿಟ್‌ಗಳು. ಅವರಲ್ಲಿ ಅನೇಕರು ಸ್ಮಿತ್ ಆದರು. ಮೊದಲ ಮಹಾಯುದ್ಧದ ಕಾಲದಲ್ಲಿ ಜರ್ಮನ್ ಹೆಸರು ಇಟ್ಟುಕೊಳ್ಳುವುದೇ ಕಷ್ಟವಾಗಿತ್ತು. ಆ 24 ಲಕ್ಷವನ್ನು ನೋಡಿ 'ಇಷ್ಟು ಜನ ಇಂಗ್ಲಿಷ್ ಮೂಲದವರು' ಅಂತ ಯಾರಾದರೂ ಬರೆದಿದ್ದರೆ ನಂಬಬೇಡಿ.

ಬ್ರಿಟನ್ನಿನ ಅಂಕಿಯನ್ನೂ ಸುಮ್ನೆ ಓದಿಬಿಟ್ಟರೆ ಮೋಸ ಹೋಗುತ್ತೇವೆ. 1881ರ ಜನಗಣತಿಯ ಪುಟಗಳನ್ನೆಲ್ಲ ಸ್ವಯಂಸೇವಕರು ಕೂತು ನಕಲು ಮಾಡಿದ್ದರಿಂದ ಆ ವರ್ಷದ ಲೆಕ್ಕ ಚೆನ್ನಾಗಿ ಸಿಗುತ್ತದೆ. ಇಂಗ್ಲೆಂಡ್, ವೇಲ್ಸ್, ಸ್ಕಾಟ್ಲೆಂಡ್ ಸೇರಿ ನಾಲ್ಕು ಲಕ್ಷಕ್ಕೂ ಜಾಸ್ತಿ ಸ್ಮಿತ್‌ಗಳಿದ್ದರು. ಈಗ ಐದು ಲಕ್ಷ ದಾಟಿದ್ದಾರೆ. ಏರಿತು ಅನ್ನಬೇಕೋ ಇಳಿಯಿತು ಅನ್ನಬೇಕೋ? ತಲೆಯೆಣಿಕೆ ಏರಿದೆ. ಆದರೆ ಅಷ್ಟರಲ್ಲಿ ದೇಶದ ಜನಸಂಖ್ಯೆ ಎರಡು ಪಟ್ಟಾಗಿದೆ. ಆಗ 70 ಚಿಲ್ಲರೆ ಜನಕ್ಕೆ ಒಬ್ಬ ಸ್ಮಿತ್ ಇದ್ದ, ಈಗ ನೂರು ದಾಟಿದರೆ ಒಬ್ಬರು ಸಿಗುತ್ತಾರೆ. ಒಂದಿಷ್ಟು ಸ್ಮಿತ್‌ಗಳು ಅಮೆರಿಕ, ಆಸ್ಟ್ರೇಲಿಯಾ, ಕೆನಡಾಕ್ಕೆ ಹೋದರು. ಬೇರೆ ದೇಶದ ಹೆಸರುಗಳು ಒಳಗೆ ಬಂದವು. ಪಟೇಲ್, ಖಾನ್, ಸಿಂಗ್ ಈಗ ಬ್ರಿಟನ್ನಿನ ದೊಡ್ಡ ಸರ್‌ನೇಮ್‌ಗಳ ಸಾಲಿನಲ್ಲಿವೆ. ಸ್ಮಿತ್, ಸ್ಮೈತ್ ಅಂತ ಕಾಗುಣಿತ ಬೇರೆಯಾದ ಹೆಸರುಗಳನ್ನು ಒಟ್ಟಿಗೆ ಸೇರಿಸಿದ್ದಾರೋ ಇಲ್ಲವೋ ಅನ್ನುವುದರ ಮೇಲೂ ಲೆಕ್ಕ ಬದಲಾಗುತ್ತದೆ.

ಎರಡನೇ ಸ್ಥಾನದ ಜೋನ್ಸ್ ಬಗ್ಗೆ ಚುಟುಕಾಗಿ ಹೇಳುತ್ತೇನೆ. ವೇಲ್ಸ್ ಸಣ್ಣ ನಾಡು. ಅಲ್ಲಿ ತೀರಾ ಈಚಿನವರೆಗೂ ಅಪ್ಪನ ಹೆಸರೇ ಮಗನ ಎರಡನೇ ಹೆಸರು. ಪ್ರತಿ ತಲೆಮಾರಿಗೂ ಅದು ಬದಲಾಗುತ್ತಿತ್ತು. ಇಂಗ್ಲಿಷ್ ಆಡಳಿತ ಬಂದು ಹೆಸರನ್ನು ಒಂದು ಕಡೆ ನಿಲ್ಲಿಸಿದಾಗ ಯಾರ ಅಪ್ಪ ಜಾನ್ ಆಗಿದ್ದನೋ ಅವರೆಲ್ಲ ಜೋನ್ಸ್ ಆದರು. ಜೋನ್ಸ್‌ಗಳ ಸಂಖ್ಯೆ ತೋರಿಸುವುದು ಇಷ್ಟನ್ನೇ: ಆ ಹೊತ್ತಿನಲ್ಲಿ ವೇಲ್ಸ್‌ನಲ್ಲಿ ಜಾನ್‌ಗಳು ತುಂಬಾ ಇದ್ದರು.

ಸ್ಮಿತ್‌ಗೆ ಪೂರ್ತಿ ಉಲ್ಟಾ ಇರುವ ಹೆಸರು ಸೈಕ್ಸ್. ಇದು ಹಳ್ಳದ ಪಕ್ಕ ಇದ್ದವರ ಹೆಸರು, ಪಶ್ಚಿಮ ಯಾರ್ಕ್‌ಷೈರ್‌ನ ಹಡರ್ಸ್‌ಫೀಲ್ಡ್ ಸುತ್ತಮುತ್ತ ಒತ್ತಾಗಿ ಸಿಗುತ್ತದೆ. ಅಲ್ಲಿ ಹಳ್ಳಗಳಿಗೇನೂ ಕೊರತೆ ಇಲ್ಲ. ಹಾಗಾಗಿ ಇದೂ ಹಲವು ಕಡೆ ಹುಟ್ಟಿರಬೇಕು ಅಂತ ಹಳೆಯ ಪಂಡಿತರು ಅಂದುಕೊಂಡಿದ್ದರು. 2000ದಲ್ಲಿ ಆಕ್ಸ್‌ಫರ್ಡ್‌ನ ತಳಿವಿಜ್ಞಾನಿ ಬ್ರಯಾನ್ ಸೈಕ್ಸ್ ತಮ್ಮದೇ ಸರ್‌ನೇಮ್ ಹಿಡಿದು ಒಂದು ಪರೀಕ್ಷೆ ಮಾಡಿದರು. ಅಪ್ಪನಿಂದ ಮಗನಿಗೆ ಸರ್‌ನೇಮ್ ಹೋಗುತ್ತದೆ. ಗಂಡಸರಲ್ಲಿ ಮಾತ್ರ ಇರುವ ವೈ ಕ್ರೋಮೋಸೋಮ್ ಅನ್ನೋ ವಂಶವಾಹಿ ಎಳೆ ಕೂಡ ಅಪ್ಪನಿಂದ ಮಗನಿಗೇ ಹೋಗುತ್ತದೆ. ಎರಡೂ ಒಂದೇ ದಾರಿ ಹಿಡಿಯುವುದರಿಂದ ಒಂದನ್ನು ಇನ್ನೊಂದರ ಜೊತೆ ತಾಳೆ ನೋಡಬಹುದು. 48 ಸೈಕ್ಸ್ ಗಂಡಸರ ಮಾದರಿ ನೋಡಿದರೆ ಹೆಚ್ಚು ಕಡಿಮೆ ಅರ್ಧದಷ್ಟು ಜನರಲ್ಲಿ ಒಂದೇ ತರಹದ ವೈ ಸಿಕ್ಕಿತು. ಅದೇ ಪ್ರದೇಶದ ಬೇರೆ ಸರ್‌ನೇಮ್‌ನವರಲ್ಲಿ ಅದು ಕಾಣಲಿಲ್ಲ. ಒಬ್ಬನೇ ಮೂಲಪುರುಷ ಅಂತ ಅವರು ತೀರ್ಮಾನಕ್ಕೆ ಬಂದರು. ಉಳಿದ ಅರ್ಧ ಜನ? ದತ್ತು, ತಾಯಿಯ ಹೆಸರು ಪಡೆದ ಮಕ್ಕಳು, ಮದುವೆಯಾಚೆಗಿನ ಸಂಬಂಧ. 700 ವರ್ಷಗಳಲ್ಲಿ ಇವೆಲ್ಲ ಸ್ವಲ್ಪ ಸ್ವಲ್ಪವೇ ಸೇರಿಕೊಂಡಿವೆ.

ಲೆಸ್ಟರ್ ವಿಶ್ವವಿದ್ಯಾಲಯದ ಟೂರಿ ಕಿಂಗ್ ಮತ್ತು ಮಾರ್ಕ್ ಜಾಬ್ಲಿಂಗ್ 2009ರಲ್ಲಿ ಇದನ್ನೇ ದೊಡ್ಡದಾಗಿ ಮಾಡಿದರು. 40 ಸರ್‌ನೇಮ್‌ಗಳು, 1,678 ಗಂಡಸರು. ಇಬ್ಬರು ಸ್ಮಿತ್‌ಗಳನ್ನು ಪಕ್ಕಪಕ್ಕ ನಿಲ್ಲಿಸಿದರೆ ಅವರ ವೈ ಹೊಂದುವ ಸಾಧ್ಯತೆ, ದಾರಿಯಲ್ಲಿ ಹೋಗುವ ಯಾರೋ ಇಬ್ಬರದಕ್ಕಿಂತ ಜಾಸ್ತಿಯೇನೂ ಇರಲಿಲ್ಲ. ಅಟೆನ್‌ಬರೋ ತರಹದ ಅಪರೂಪದ ಹೆಸರಿನಲ್ಲಿ ಮಾತ್ರ ಹತ್ತರಲ್ಲಿ ಎಂಟೊಂಬತ್ತು ಗಂಡಸರು ಒಂದೇ ಬಳ್ಳಿಯವರು. ಹೆಸರು ಅಪರೂಪ ಆದಷ್ಟೂ ನೆಂಟಸ್ತನ ಗಟ್ಟಿ.

ಆದರೂ ಒಂದು ಎಚ್ಚರಿಕೆ ಬೇಕು. ಈಗ ಒಂದೇ ಬಳ್ಳಿ ಕಾಣುತ್ತಿದೆ ಅಂದ ಮಾತ್ರಕ್ಕೆ ಶುರುವಿನಲ್ಲೂ ಒಬ್ಬನೇ ಇದ್ದ ಅಂತ ಅಲ್ಲ. ಇದರ ಹಿಂದಿನ ಗಣಿತ ಬಂದದ್ದೇ ಸರ್‌ನೇಮ್‌ಗಳಿಂದ. ದೊಡ್ಡ ಮನೆತನಗಳು ಯಾಕೆ ಅಳಿದುಹೋಗುತ್ತವೆ ಅನ್ನುವ ಚಿಂತೆ ಇಂಗ್ಲಿಷ್ ವಿಜ್ಞಾನಿ ಫ್ರಾನ್ಸಿಸ್ ಗಾಲ್ಟನ್‌ಗೆ ಹತ್ತಿತ್ತು. 1873ರಲ್ಲಿ ಒಂದು ಪತ್ರಿಕೆಯಲ್ಲಿ ಅದನ್ನು ಲೆಕ್ಕದ ಪ್ರಶ್ನೆಯಾಗಿ ಹಾಕಿದರು. ಉತ್ತರ ಕೊಟ್ಟಿದ್ದು ಹೆನ್ರಿ ವಾಟ್ಸನ್ ಎಂಬ ಪಾದ್ರಿ. ಲೆಕ್ಕ ಹೀಗಿದೆ. ಸರ್‌ನೇಮ್ ಉಳಿಯಬೇಕಾದರೆ ಗಂಡುಮಗು ಬೇಕು. ಒಬ್ಬನಿಗೆ ಗಂಡುಮಕ್ಕಳೇ ಇಲ್ಲ, ಇನ್ನೊಬ್ಬನಿಗೆ ಒಬ್ಬ, ಮತ್ತೊಬ್ಬನಿಗೆ ನಾಲ್ವರು. ಮೊದಲನೆಯವನ ಹೆಸರು ಒಂದೇ ತಲೆಮಾರಿಗೆ ಮುಗಿಯಿತು. ಎರಡನೆಯವನ ಮಗನಿಗೆ ಬರೀ ಹೆಣ್ಣುಮಕ್ಕಳಾದರೆ ಅದೂ ಮುಗಿಯಿತು. ಪ್ರತಿ ಸಲವೂ ಲಾಟರಿ. ಶುರುವಿನ ಕೆಲವು ತಲೆಮಾರು ದಾಟಿ ಹತ್ತಿಪ್ಪತ್ತು ಮನೆಗಳಾದ ಹೆಸರು ಆಮೇಲೆ ಅಷ್ಟು ಸುಲಭವಾಗಿ ಸಾಯುವುದಿಲ್ಲ. ಎಲ್ಲ ಹೆಸರುಗಳೂ ಕೊನೆಗೆ ಅಳಿಯುತ್ತವೆ ಅಂತ ವಾಟ್ಸನ್ ತೀರ್ಮಾನಿಸಿದ್ದು ತಪ್ಪು. ಅವರ ಸಮೀಕರಣಕ್ಕೆ ಎರಡು ಉತ್ತರ ಇತ್ತು, ಅವರು ಒಂದನ್ನೇ ನೋಡಿದರು. ಜನಸಂಖ್ಯೆ ಬೆಳೆಯುತ್ತಿದ್ದರೆ ಕೆಲವು ಹೆಸರು ಬದುಕಿ ಉಳಿಯುತ್ತವೆ.

1348-49ರ ಪ್ಲೇಗ್ ಇಂಗ್ಲೆಂಡಿನ ಮೂರನೇ ಒಂದರಿಂದ ಅರ್ಧದಷ್ಟು ಜನರನ್ನು ತಿಂದಾಗ ಎಷ್ಟು ಹೊಸ ಸರ್‌ನೇಮ್‌ಗಳು ಮೊಳಕೆಯಲ್ಲೇ ಹೋಗಿರಬೇಕು ಯೋಚಿಸಿ. ಸೈಕ್ಸ್ ಅಂತ ಹೆಸರಿಟ್ಟುಕೊಂಡವರು ನಾಲ್ಕಾರು ಜನ ಇದ್ದು, ಒಬ್ಬನ ಬಳ್ಳಿ ಮಾತ್ರ ಉಳಿದಿರಬಹುದು. ಮುಂದೆ ಹಡರ್ಸ್‌ಫೀಲ್ಡ್ ಕಡೆ ಉಣ್ಣೆ ಗಿರಣಿಗಳು ಬಂದವು. ಇಂಗ್ಲೆಂಡ್ ಮತ್ತು ವೇಲ್ಸ್‌ನ ಜನಸಂಖ್ಯೆ 1801ರಲ್ಲಿ 89 ಲಕ್ಷ ಇದ್ದದ್ದು 1901ಕ್ಕೆ 3 ಕೋಟಿ 25 ಲಕ್ಷ ಆಯಿತು. ಆ ಹೊತ್ತಿಗೆ ಗಿರಣಿ ಪ್ರದೇಶದಲ್ಲಿ ಬೇರು ಬಿಟ್ಟಿದ್ದ ಹೆಸರುಗಳೆಲ್ಲ ಹಬ್ಬಿದವು.

ಅಪರೂಪದ ಹೆಸರು ಅಂದರೆ ಶುದ್ಧ ಇಂಗ್ಲಿಷ್ ರಕ್ತ ಅಂತ ಯಾರಾದರೂ ಎದೆಯುಬ್ಬಿಸುವ ಮೊದಲು 2007ರಲ್ಲಿ ಇದೇ ಲೆಸ್ಟರ್ ತಂಡ ಪ್ರಕಟಿಸಿದ್ದನ್ನು ಓದಬೇಕು. ಯಾರ್ಕ್‌ಷೈರ್‌ನ ಒಂದು ಅಪರೂಪದ ಸರ್‌ನೇಮ್ ಇರುವ 18 ಗಂಡಸರನ್ನು ಪರೀಕ್ಷಿಸಿದರೆ ಏಳು ಜನರಲ್ಲಿ ಪಶ್ಚಿಮ ಆಫ್ರಿಕಾದ ವೈ ಸಿಕ್ಕಿತು. ನೋಡಲು ಅವರು ಎಲ್ಲರ ಹಾಗೆ ಬಿಳಿಯರು, ಆಫ್ರಿಕಾದ ನಂಟು ಅವರಿಗೆ ಗೊತ್ತೇ ಇರಲಿಲ್ಲ. ಹಳೆಯ ದಾಖಲೆ ಹಿಡಿದು ಹದಿನೆಂಟನೇ ಶತಮಾನದ ಕೊನೆಯವರೆಗೆ ಹಿಂದಕ್ಕೆ ಹೋದರೂ ವಂಶ ಯಾರ್ಕ್‌ಷೈರ್‌ನಲ್ಲೇ ಇದೆ. ಆಫ್ರಿಕಾದ ಆ ಪೂರ್ವಜ ಅದಕ್ಕೂ ಮೊದಲೇ ಬಂದಿದ್ದ. ಸಂಶೋಧಕರು ಆ ಸರ್‌ನೇಮ್ ಏನು ಅಂತ ಬಯಲು ಮಾಡಲಿಲ್ಲ, ಅದು ಸರಿಯಾದದ್ದೇ.

ಕೊನೆಗೆ 1853ರ ಆ ಪಟ್ಟಿಯಿಂದ ಹೊರಟ ಒಂದು ವಿಚಿತ್ರ ಲೆಕ್ಕ ಇದೆ. ಅದನ್ನು ಮಾಡಿದ್ದು ಚಾರ್ಲ್ಸ್ ಡಾರ್ವಿನ್ನರ ಮಗ ಜಾರ್ಜ್ ಡಾರ್ವಿನ್, 1875ರಲ್ಲಿ. ಚಾರ್ಲ್ಸ್ ಮದುವೆಯಾಗಿದ್ದು ಸೋದರಮಾವನ ಮಗಳು ಎಮ್ಮಾ ವೆಜ್‌ವುಡ್‌ರನ್ನು. ಹತ್ತಿರದ ಸಂಬಂಧದ ಮದುವೆಯಿಂದ ಮಕ್ಕಳಿಗೆ ತೊಂದರೆ ಆಗುತ್ತದಾ ಅನ್ನುವ ಪ್ರಶ್ನೆ ಆ ಮನೆಯಲ್ಲೇ ಇತ್ತು. ಅದಕ್ಕೆ ಮೊದಲು ಇಂಗ್ಲೆಂಡಿನಲ್ಲಿ ಇಂಥ ಮದುವೆ ಎಷ್ಟು ಆಗುತ್ತವೆ ಅಂತ ತಿಳಿಯಬೇಕು. ಜಾರ್ಜ್ ಹಿಡಿದ ದಾರಿ ಸರ್‌ನೇಮ್. 73ರಲ್ಲಿ ಒಬ್ಬ ಸ್ಮಿತ್ ಆದರೆ, ಕಣ್ಣು ಮುಚ್ಚಿ ಜೋಡಿ ಮಾಡಿದರೂ 73 ಗುಣಿಸು 73, ಅಂದರೆ 5,329 ಮದುವೆಗಳಲ್ಲಿ ಒಂದು ಸ್ಮಿತ್-ಸ್ಮಿತ್ ಮದುವೆ ಆಗುತ್ತದೆ. ಪಟ್ಟಿಯ 50 ಹೆಸರಿಗೂ ಹೀಗೆ ಕೂಡಿದರೆ ಸಾವಿರಕ್ಕೆ ಸುಮಾರು ಒಂದು. ಆಮೇಲೆ ಅವರು ಪತ್ರಿಕೆಯಲ್ಲಿ ಬಂದ ಮದುವೆ ಪ್ರಕಟಣೆಗಳನ್ನು ಎಣಿಸಿದರು. 18,528ರಲ್ಲಿ 232 ಜೋಡಿಗಳದು ಒಂದೇ ಸರ್‌ನೇಮ್. ನೂರಕ್ಕೆ ಒಂದೂಕಾಲು, ಅಂದರೆ ಆಕಸ್ಮಿಕವಾಗಿ ಆಗಬೇಕಾದದ್ದರ ಹನ್ನೆರಡು ಪಟ್ಟಿಗೂ ಜಾಸ್ತಿ. ಮಿಕ್ಕಿದ್ದೆಲ್ಲ ಹೆಚ್ಚಾಗಿ ದೊಡ್ಡಪ್ಪ ಚಿಕ್ಕಪ್ಪನ ಮಕ್ಕಳ ನಡುವಿನ ಮದುವೆ ಅಂತ ತೆಗೆದುಕೊಂಡು ಮುಂದಿನ ಅಂದಾಜು ಕಟ್ಟಿದರು.

ಇದೇ ಲೆಕ್ಕವನ್ನು ಕರ್ನಾಟಕಕ್ಕೆ ತಂದರೆ ಮೊದಲ ಹೆಜ್ಜೆಯಲ್ಲೇ ಕುಸಿಯುತ್ತದೆ. ನಮ್ಮಲ್ಲಿ ದೊಡ್ಡಪ್ಪ ಚಿಕ್ಕಪ್ಪನ ಮಕ್ಕಳು ಅಣ್ಣತಂಗಿ ವರಸೆ, ಹಿಂದೂ ಮನೆಗಳಲ್ಲಿ ಅವರ ನಡುವೆ ಮದುವೆ ಮಾತೇ ಇಲ್ಲ. ಸಂಬಂಧದಲ್ಲಿ ಮದುವೆ ಅಂದರೆ ಸೋದರಮಾವನ ಮಗಳು, ಸೋದರತ್ತೆಯ ಮಗಳು, ಇಲ್ಲವೇ ಅಕ್ಕನ ಮಗಳು. ಈ ಮೂರರಲ್ಲೂ ಹುಡುಗ ಹುಡುಗಿಯ ಅಪ್ಪಂದಿರು ಬೇರೆ ಬೇರೆ ಮನೆತನದವರು. ಉತ್ತರ ಕರ್ನಾಟಕದ ಕಮ್ಮಾರ, ಪಾಟೀಲ, ಹೂಗಾರ ತರಹದ ಕಸುಬು ಹುದ್ದೆಗಳ ಹೆಸರು ಆಕಸ್ಮಿಕವಾಗಿ ಎರಡೂ ಕಡೆ ಒಂದೇ ಆಗಬಹುದು, ಅಷ್ಟೇ. ಹಳೇ ಮೈಸೂರು ಕಡೆಯಂತೂ ಇನಿಷಿಯಲ್ ಬಿಟ್ಟರೆ ಸರ್‌ನೇಮೇ ಇಲ್ಲದ ಮನೆಗಳು ಎಷ್ಟೋ. ಅಷ್ಟೇಕೆ, ಡಾರ್ವಿನ್ ಮತ್ತು ವೆಜ್‌ವುಡ್ ಅಂತ ಎರಡು ಹೆಸರಿದ್ದ ಜಾರ್ಜ್ ಅವರ ಸ್ವಂತ ಅಪ್ಪ ಅಮ್ಮನ ಮದುವೆಯೂ ಆ 232ರ ಎಣಿಕೆಗೆ ಸಿಗುವಂಥದ್ದಲ್ಲ.